ಮನೆಯ ಹಳೇ ಅಂಬಾಸಿಡರ್ ಎಂಜಿನ್ ಮತ್ತು ಹಾಟ್ ರಾಡ್ ಆಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಬಾಸಿಡರ್ ಎಂಜಿನ್ ಬಿಚ್ಚಿ ಕಟ್ಟುವ ಮಾತು ಬಂದಾಗಲೆಲ್ಲ ಜನ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಫೋನಿನಲ್ಲಿ, ಪತ್ರದಲ್ಲಿ, ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳಿದವನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಇಲ್ಲಿರೋದೆಲ್ಲ 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಎಂಜಿನ್‌ನಿಂದ ವೇಗ ಬೇಕು ಅಂದ್ರೆ ಮೊದಲು ಅದರ ಅಳತೆಗಳು ಸರಿಯಾಗಬೇಕು. ಸವೆದ ಕ್ರ್ಯಾಂಕ್ (ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಇಟ್ಟುಕೊಂಡು ಮೇಲೆ ಎರಡು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಕೂರಿಸಿದರೆ ಎಂಜಿನ್ ಬೇಗ ಹಾಳಾಗುತ್ತದೆ, ಅಷ್ಟೇ.

## ಕೈ ಹಾಕುವ ಮೊದಲು

ಹಾಟ್ ರಾಡ್ ಅಂದ್ರೆ ಅಮೆರಿಕದ್ದು ಅಲ್ವಾ? ನಮ್ಮ ಅಂಬಾಸಿಡರ್‌ಗೂ ಅದಕ್ಕೂ ಏನು ಸಂಬಂಧ?

ಹೌದು, ಅಮೆರಿಕದ್ದೇ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಕಾರುಗಳನ್ನು ಕಮ್ಮಿ ದುಡ್ಡಿಗೆ ತರುತ್ತಿದ್ದರು. ಮಡ್‌ಗಾರ್ಡು, ಬಂಪರು ಕಳಚಿ ಗಾಡಿ ಹಗುರ ಮಾಡುತ್ತಿದ್ದರು. ಎಂಜಿನ್ ಚುರುಕು ಮಾಡಿ ಒಣಗಿದ ಕೆರೆ ಅಂಗಳಗಳಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ತನ್ನ ಅಗ್ಗದ ಕಾರಿಗೂ ವಿ8 ಎಂಜಿನ್ ಕೊಟ್ಟ ಮೇಲೆ ಈ ಹವ್ಯಾಸ ಇನ್ನೂ ಬೆಳೆಯಿತು. ಮುಖ್ಯ ವಿಷಯ ಏನಂದ್ರೆ, ಅವರು ಕೈ ಹಾಕಿದ್ದು ಮನೆ ಬಳಕೆಯ ಸಾದಾ ಕಾರಿಗೆ.

ನಮ್ಮಲ್ಲಿ ಆ ಜಾಗದಲ್ಲಿರೋದು ಅಂಬಾಸಿಡರ್. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಿಸಿತು. ಒಳಗಿರೋದು ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಎಂಜಿನ್. 1955ರಲ್ಲಿ ಬಂದ, ಬ್ರಿಟನ್ನಿನ ಎಂಜಿಯವರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದೇ ಮನೆತನದ 1489 ಸಿಸಿ ಎಂಜಿನ್ ಇತ್ತು. ಅಂಬಾಸಿಡರ್‌ನಲ್ಲಿ ಸುಮಾರು 50 ಹಾರ್ಸ್‌ಪವರ್ ಕೊಡುವ ಎಂಜಿನ್, ಅಲ್ಲಿ ಮೊದಲು 68, ಆಮೇಲೆ 72 ಕೊಡುತ್ತಿತ್ತು. ಬೋರ್ (ಸಿಲಿಂಡರ್‌ನ ಅಗಲ) ಅದೇ, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಅದೇ. ಹೆಚ್ಚಿನ 20 ಹಾರ್ಸ್‌ಪವರ್ ಬಂದದ್ದು ಕಂಪ್ರೆಷನ್ (ಒಳಗೆ ಬಂದ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು), ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ), ಕಾರ್ಬುರೇಟರ್, ಸೈಲೆನ್ಸರ್ ಕಡೆಯಿಂದ. ನಮಗೆ ದಾರಿ ಅಲ್ಲೇ ಇದೆ.

ನಮ್ಮ ಗಾಡಿಯಲ್ಲಿರೋದು ಅದೇ ಎಂಜಿನ್ನಾ ಅಂತ ಹೇಗೆ ಗೊತ್ತಾಗುತ್ತೆ?

ಆರ್‌ಸಿಯಲ್ಲಿ 1489 ಸಿಸಿ, ಪೆಟ್ರೋಲ್ ಅಂತ ಇರಬೇಕು. ಡೀಸೆಲ್ ಕೂಡ 1489 ಸಿಸಿಯಲ್ಲೇ ಬಂದಿತ್ತು, ಅದಕ್ಕೇ ಎರಡನ್ನೂ ನೋಡಿ. ತೀರಾ ಮೊದಲ ಗಾಡಿಗಳಲ್ಲಿ 1476 ಸಿಸಿಯ ಸೈಡ್ ವಾಲ್ವ್ (ವಾಲ್ವ್‌ಗಳು ಹೆಡ್‌ನಲ್ಲಲ್ಲದೆ ಸಿಲಿಂಡರ್ ಪಕ್ಕದಲ್ಲಿರುವ) ಎಂಜಿನ್ ಇತ್ತು. ಅದರ ಹೆಡ್ ಮೇಲೆ ಟ್ಯಾಪೆಟ್ ಕವರ್ ಇರೋದಿಲ್ಲ. 1990ರ ದಶಕದ ಐಸುಜು ಎಂಜಿನ್ 1817 ಸಿಸಿಯದ್ದು, ಅದರ ಜೊತೆ ಐದು ಗೇರಿನ ಬಾಕ್ಸ್ ಬರುತ್ತಿತ್ತು. ಬಿಚ್ಚುವ ಮೊದಲು ಎಂಜಿನ್ ನಂಬರಿನ ಫೋಟೋ ತೆಗೆದು ಆರ್‌ಸಿ ಜೊತೆ ತಾಳೆ ನೋಡಿ. ಬ್ಲಾಕ್ ತೊಳೆಯಲು ಕೊಟ್ಟಾಗ ಆ ನಂಬರು ಅಳಿಸದಂತೆ ಮೊದಲೇ ಹೇಳಿ.

ಅಜ್ಜನ ಗಾಡಿ ಹದಿನೈದು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸುಮ್ನೆ ಒಂದು ಸಲ ಸೆಲ್ಫ್ ಹೊಡೆದು ನೋಡಲಾ?

ಬೇಡ. ದಯವಿಟ್ಟು ಬೇಡ. ಅಷ್ಟು ವರ್ಷ ನಿಂತ ಎಂಜಿನ್‌ನಲ್ಲಿ ಬೇರಿಂಗ್ ಮೇಲಿನ ಆಯಿಲ್ ಪೂರ್ತಿ ಇಳಿದಿರುತ್ತದೆ. ಸಿಲಿಂಡರ್ ಗೋಡೆಗೆ ತುಕ್ಕಿನ ಉಂಗುರ ಹಿಡಿದಿರುತ್ತದೆ. ಸೆಲ್ಫ್ ಮೋಟಾರು ಆ ತುಕ್ಕಿನ ಮೇಲೆ ಜೋರಾಗಿ ಎಳೆದರೆ ರಿಂಗ್ ಮುರಿಯಬಹುದು. ಅಂಟಿ ನಿಂತ ವಾಲ್ವ್ ಇದ್ದರೆ ಅದನ್ನು ಕೆಳಗಿನಿಂದ ಆಡಿಸುವ ಕಡ್ಡಿ, ಅಂದ್ರೆ ಪುಶ್ ರಾಡ್, ಬಗ್ಗುತ್ತದೆ.

ಮೊದಲು ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಹಳೇ ಆಯಿಲ್ ಇಳಿಸಿ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೂ ಎರಡು ಮೂರು ಚಮಚ ತೆಳು ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡಿ. ಟ್ಯಾಪೆಟ್ ಕವರ್ ತೆಗೆದು ರಾಕರ್ (ವಾಲ್ವ್ ಒತ್ತುವ ಸನ್ನೆ) ಮೇಲೂ ಆಯಿಲ್ ಸುರಿಯಿರಿ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಅಂಬಾಸಿಡರ್‌ಗೆ ಹ್ಯಾಂಡಲ್ ಇರೋದು ದೊಡ್ಡ ಅನುಕೂಲ. ಎಲ್ಲಿ ಬಿಗಿ ಇದೆ, ಎಲ್ಲಿ ಸಲೀಸು ಅಂತ ಕೈಗೇ ಗೊತ್ತಾಗುತ್ತದೆ. ತಿರುಗಿಸುವಾಗ ಎಂಟೂ ವಾಲ್ವ್ ಮೇಲೆ ಕೆಳಗೆ ಆಡುತ್ತಿವೆಯಾ ಅಂತ ಒಬ್ಬರು ನೋಡುತ್ತಿರಬೇಕು.

ಹ್ಯಾಂಡಲ್ ಅಲ್ಲಾಡೋದೇ ಇಲ್ಲ. ಎಂಜಿನ್ ಜಾಮ್ ಆಗಿದೆ ಅಂತಾರೆ. ಗುಜರಿಗೆ ಹಾಕಬೇಕಾ?

ಜಾಮ್ ಆದ ಎಂಜಿನ್ ಬಹಳಷ್ಟು ಸಲ ಬಿಡುತ್ತದೆ. ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲ್ ಸಮಪಾಲು ಬೆರೆಸಿ ಸಿಲಿಂಡರ್‌ಗೆ ತುಂಬಿ. ಒಂದು ವಾರ ಬಿಡಿ, ಮಟ್ಟ ಇಳಿದರೆ ಮತ್ತೆ ತುಂಬಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಆಮೇಲೆ ಹ್ಯಾಂಡಲ್‌ನಿಂದ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಅಲ್ಲಿಂದ ದಾರಿ ತೆರೆಯುತ್ತದೆ. ಹ್ಯಾಂಡಲ್‌ಗೆ ಪೈಪು ಸಿಕ್ಕಿಸಿ ಎಳೆಯಬೇಡಿ. ಅಷ್ಟು ಬಲ ಬೇಕಾಗಿದೆ ಅಂದ್ರೆ ಹೆಡ್ ಬಿಚ್ಚಿ ನೋಡುವ ಸಮಯ ಬಂದಿದೆ ಅಂತ ಅರ್ಥ.

ಎಂಜಿನ್ ಇಳಿಸದೆಯೇ ಅದರ ಹಣೆಬರಹ ತಿಳಿಯಬಹುದಾ?

ಮುಕ್ಕಾಲು ಪಾಲು ತಿಳಿಯಬಹುದು. ಮೂರು ಪರೀಕ್ಷೆ ಮಾಡಿ.

ಒಂದು, ಕಂಪ್ರೆಷನ್ ಗೇಜು. ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇಕಡಾ 15ರಷ್ಟು ಕೆಳಗಿದ್ದರೆ, ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಮೇಲೇರಿದರೆ ರಿಂಗ್ ಮತ್ತು ಬೋರ್ ಸವೆದಿವೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದೇ ಎಂಜಿನ್ ಮಂಗಳೂರಿನಲ್ಲಿ ತೋರಿಸುವಷ್ಟು ಅಂಕಿ ಇಲ್ಲಿ ತೋರಿಸೋದಿಲ್ಲ, ಅದಕ್ಕೆ ಗಾಬರಿ ಬೇಡ.

ಎರಡು, ಆಯಿಲ್ ಪ್ರೆಶರ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಓಡುವಾಗ 50 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸು ಇದ್ದರೆ ಬೇರಿಂಗ್‌ಗಳು ಇನ್ನೂ ಜೀವಂತ ಇವೆ.

ಮೂರನೆಯದನ್ನು ಯಾರೂ ಮಾಡೋದಿಲ್ಲ. ಎಂಜಿನ್ ನಿಲ್ಲಿಸಿ, ಒಬ್ಬರು ಕ್ಲಚ್ ಒತ್ತಿ ಬಿಡಲಿ. ನೀವು ಮುಂದಿನ ಪುಲ್ಲಿ ನೋಡಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಹಿಂದೆ ಸರಿದರೆ ನಡುವಿನ ಮೇನ್ ಬೇರಿಂಗಿನ ಅಕ್ಕಪಕ್ಕ ಇರುವ ಅರ್ಧಚಂದ್ರದ ಥ್ರಸ್ಟ್ ವಾಷರ್‌ಗಳು ಸವೆದಿವೆ. ಇರಬೇಕಾದ ಆಟ ಎರಡು ಮೂರು ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ) ಮಾತ್ರ, ಅದು ಕಣ್ಣಿಗೆ ಕಾಣೋದೇ ಇಲ್ಲ. ಕ್ಲಚ್ ಮೇಲೆ ಕಾಲಿಟ್ಟೇ ಗಾಡಿ ಓಡಿಸುವವರ ಎಂಜಿನ್‌ನಲ್ಲಿ ಇದು ಸಾಮಾನ್ಯ.

## ಬಿಚ್ಚುವುದು, ಅಳೆಯುವುದು, ಕಟ್ಟುವುದು

ಬಿಚ್ಚಿದ ಪಾರ್ಟುಗಳನ್ನೆಲ್ಲ ಒಂದೇ ಬಾಂಡಲಿಗೆ ಹಾಕಿ ತೊಳೆದರೆ ಆಗಲ್ವಾ?

ನಟ್ಟು ಬೋಲ್ಟು ಹಾಕಬಹುದು. ಟ್ಯಾಪೆಟ್, ಪುಶ್ ರಾಡ್, ಕನೆಕ್ಟಿಂಗ್ ರಾಡ್ ಮತ್ತು ಅವುಗಳ ಕ್ಯಾಪ್, ಮೇನ್ ಬೇರಿಂಗ್ ಕ್ಯಾಪ್ ಇವನ್ನು ಹಾಕಲೇಬಾರದು. ಪ್ರತಿ ಟ್ಯಾಪೆಟ್ ತನ್ನನ್ನು ಎತ್ತುವ ಕ್ಯಾಮ್ (ವಾಲ್ವ್ ತೆರೆಸುವ, ಉಬ್ಬುಗಳಿರುವ ದಂಡ) ಉಬ್ಬಿನ ಜೊತೆಯೇ ಸವೆದು ಹೊಂದಿಕೊಂಡಿರುತ್ತದೆ. ಜಾಗ ಬದಲಾದರೆ ಕ್ಯಾಮ್ ಕೆಲವೇ ದಿನದಲ್ಲಿ ತಿಂದುಹೋಗುತ್ತದೆ. ಈ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಕೆಳಗಿನ ಪಕ್ಕದ ಮುಚ್ಚಳ ತೆಗೆದರೆ ಟ್ಯಾಪೆಟ್‌ಗಳನ್ನು ಕೈಯಲ್ಲೇ ಎತ್ತಬಹುದು. ರಟ್ಟಿನ ಡಬ್ಬದಲ್ಲಿ ಎಂಟು ತೂತು ಮಾಡಿ, ನಂಬರ್ ಬರೆದು, ಅದೇ ಸಾಲಿನಲ್ಲಿ ನಿಲ್ಲಿಸಿ. ಟ್ಯಾಪೆಟ್‌ನ ತಳವನ್ನು ಬೆಳಕಿಗೆ ಹಿಡಿದು ನೋಡಿ. ನುಣ್ಣಗೆ ಹೊಳೆಯುತ್ತಿದ್ದರೆ ಸರಿ. ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಎಂಟನ್ನೂ ಬದಲಿಸಿ.

ಹಳೇ ಎಂಜಿನ್‌ಗಳಲ್ಲಿ ಪಿಸ್ಟನ್ ಪಿನ್ನನ್ನು ರಾಡ್‌ನ ತುದಿಯಲ್ಲಿ ಒಂದು ಬೋಲ್ಟ್ ಕಚ್ಚಿ ಹಿಡಿದಿರುತ್ತದೆ. ಅದನ್ನು ಬಿಗಿಯುವಾಗ ರಾಡ್ ಅನ್ನು ವೈಸ್‌ಗೆ ಹಾಕಿ ತಿರುಚಬೇಡಿ, ರಾಡ್ ಬಗ್ಗುತ್ತದೆ. ಪಿನ್ನನ್ನೇ ಎರಡೂ ಕಡೆಯಿಂದ ಹಿಡಿದು ಬಿಗಿಯಿರಿ.

ಮೇಸ್ತ್ರಿ ಬರೀ ರಿಂಗ್ ಸೆಟ್ ಹಾಕಿದ್ರೆ ಸಾಕು ಅಂತಾರೆ. ರಿಬೋರ್ ಬೇಕೇ ಬೇಕಾ?

ರಿಬೋರ್ ಅಂದ್ರೆ ಸವೆದ ಸಿಲಿಂಡರನ್ನು ಸ್ವಲ್ಪ ಅಗಲವಾಗಿ ಕೊರೆಸಿ ದೊಡ್ಡ ಪಿಸ್ಟನ್ ಹಾಕುವುದು. ಅಳೆಯದೆ ಯಾರು ಏನು ಹೇಳಿದರೂ ಅದು ಅಂದಾಜು. ಸಿಲಿಂಡರ್ ಮೇಲ್ತುದಿಯಲ್ಲಿ ಉಗುರು ಎಳೆದು ನೋಡಿ. ಮೆಟ್ಟಿಲಿನ ಹಾಗೆ ತಡೆದರೆ ಸವೆತ ಜಾಸ್ತಿ ಇದೆ. ಆಮೇಲೆ ಬೋರ್ ಗೇಜ್ ಇರುವ ಲೇತ್ ಶಾಪಿಗೆ ಹೋಗಿ. ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಸಿ, ಅಂಕಿಗಳನ್ನು ಬರೆದುಕೊಳ್ಳಿ. ಮೂಲ ಬೋರ್ 73.025 ಮಿಲಿಮೀಟರ್. ನನ್ನ ಪ್ರಕಾರ ಸವೆತ 6-7 ಥೌ ದಾಟಿದ್ದರೆ ರಿಬೋರ್ ಮಾಡಿಸಿ. ಹಾಟ್ ರಾಡ್ ಮಾಡುವ ಯೋಚನೆ ಇದ್ದರೆ ಅದಕ್ಕಿಂತ ಕಮ್ಮಿ ಇದ್ದರೂ ಮಾಡಿಸೋದೇ ಒಳ್ಳೆಯದು.

ಪಿಸ್ಟನ್‌ಗಳು 10, 20, 30, 40 ಥೌ ಓವರ್‌ಸೈಜ್‌ನಲ್ಲಿ ಬರುತ್ತವೆ. 40 ಸೈಜಿಗೆ ಹೋದರೆ ಎಂಜಿನ್ ಸುಮಾರು 1531 ಸಿಸಿ ಆಗುತ್ತದೆ. ಇದರಿಂದ ಪಿಕಪ್‌ನಲ್ಲಿ ದೊಡ್ಡ ಬದಲಾವಣೆ ಆಗೋದಿಲ್ಲ. ಆದ್ದರಿಂದ ಸವೆತ ತೆಗೆಯಲು ಎಷ್ಟು ಬೇಕೋ ಅಷ್ಟೇ ಕೊರೆಸಿ, ಬ್ಲಾಕಿಗೆ ಇನ್ನೊಂದು ಆಯಸ್ಸು ಉಳಿಸಿ. ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಮಾಡಿಸಬೇಡಿ. ಬಂದ ಪಿಸ್ಟನ್ ಅಳೆದು, ಅದಕ್ಕೆ ತಕ್ಕ ಹಾಗೆ ಬೋರ್ ಮುಗಿಸಬೇಕು.

ಕ್ರ್ಯಾಂಕ್ ನೋಡೋಕೆ ಚೆನ್ನಾಗಿದೆ. ಪಾಲಿಶ್ ಮಾಡಿಸಿದ್ರೆ ಸಾಕಾ?

ಈ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಮೂರೇ ಮೇನ್ ಬೇರಿಂಗ್. ಅದಕ್ಕೇ ಕ್ರ್ಯಾಂಕ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೈಕ್ರೋಮೀಟರ್‌ನಲ್ಲಿ ಪ್ರತಿ ಜರ್ನಲ್ (ಬೇರಿಂಗ್ ಒಳಗೆ ತಿರುಗುವ ದುಂಡು ಭಾಗ) ಎರಡು ದಿಕ್ಕಿನಲ್ಲಿ ಅಳೆಯಿರಿ. ಒಂದು ಥೌಗಿಂತ ಜಾಸ್ತಿ ಮೊಟ್ಟೆಯಾಕಾರ ಬಂದಿದ್ದರೆ ಗ್ರೈಂಡಿಂಗ್ ಮಾಡಿಸಿ. ಗ್ರೈಂಡಿಂಗ್ ಮಾಡುವವರಿಗೆ ಒಂದು ಮಾತು ಖಂಡಿತ ಹೇಳಿ: ಜರ್ನಲ್ ಪಕ್ಕದ ಮೂಲೆಯ ದುಂಡು ಹಾಗೇ ಉಳಿಯಬೇಕು. ಅಲ್ಲಿ ಚೂಪು ಮೂಲೆ ಬಂದರೆ ಬಿರುಕು ಶುರುವಾಗೋದು ಅಲ್ಲಿಂದಲೇ.

ಬಿರುಕು ಇದೆಯಾ ಅಂತ ಮ್ಯಾಗ್ನೆಟಿಕ್ ಪರೀಕ್ಷೆ ಮಾಡುವವರು ಸಿಕ್ಕರೆ ಮಾಡಿಸಿ. ಇಲ್ಲದಿದ್ದರೆ ಕ್ರ್ಯಾಂಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಹೋದ ಎಣ್ಣೆ ಹೊರಬಂದು ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗ್ರೈಂಡಿಂಗ್ ಆದ ಮೇಲೆ ಕ್ರ್ಯಾಂಕ್ ಒಳಗಿನ ಆಯಿಲ್ ದಾರಿಗಳಿಗೆ ತಂತಿಯ ಬ್ರಶ್ ಹಾಕಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆಯಿರಿ. ಅಲ್ಲಿ ಉಳಿದ ಗ್ರೈಂಡಿಂಗ್ ಪುಡಿ ಹೊಸ ಬೇರಿಂಗನ್ನು ಮೊದಲ ದಿನವೇ ಕೆರೆಯುತ್ತದೆ.

ರೇಡಿಯೇಟರ್ ಹೊಸದು, ಆದ್ರೂ ಘಾಟಿ ಹತ್ತುವಾಗ ಕುದಿಯುತ್ತೆ. ಯಾಕೆ?

ಬ್ಲಾಕ್ ಒಳಗೆ ನೋಡಿ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ ಎಂಜಿನ್‌ನಲ್ಲಿ ಸುಣ್ಣ ಮತ್ತು ತುಕ್ಕಿನ ಕೆಸರು ಹಿಂದಿನ ಭಾಗದಲ್ಲಿ, ನಾಲ್ಕನೇ ಸಿಲಿಂಡರ್ ಸುತ್ತ ಕಟ್ಟಿಕೊಂಡಿರುತ್ತದೆ. ಬ್ಲಾಕ್ ಪಕ್ಕದ ದುಂಡು ತಗಡಿನ ಬಿಲ್ಲೆಗಳನ್ನು ಹೊಡೆದು ತೆಗೆದು, ಸ್ಕ್ರೂಡ್ರೈವರ್‌ನಿಂದ ಕೆದಕಿದರೆ ಬೊಗಸೆ ಬೊಗಸೆ ಕಂದು ಮಣ್ಣು ಬರುತ್ತದೆ. ಎಲ್ಲ ಬರುವವರೆಗೂ ತೊಳೆಯಿರಿ, ಬಿಲ್ಲೆಗಳನ್ನು ಹೊಸದು ಹಾಕಿ. ಮುಂದೆ ಕೂಲೆಂಟ್ ಬೆರೆಸಿದ ಡಿಸ್ಟಿಲ್ಡ್ ವಾಟರ್ ಮಾತ್ರ.

ಎಲ್ಲ ಹೊಸ ಪ್ಯಾಕಿಂಗ್ ಹಾಕಿದೀನಿ. ಆದ್ರೂ ಕ್ಲಚ್ ಕಡೆಯಿಂದ ಆಯಿಲ್ ಸೋರುತ್ತೆ.

ಈ ಎಂಜಿನ್‌ನ ಹಿಂದೆ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆ ಕೊರೆದ ಸುರುಳಿ ಗೆರೆ ತಿರುಗುವಾಗ ಆಯಿಲ್ ಅನ್ನು ಒಳಕ್ಕೆ ತಳ್ಳುತ್ತದೆ. ಒಂದೆರಡು ಹನಿ ಸಹಜ. ಜಾಸ್ತಿ ಸೋರಿದರೆ ಹಿಂದಿನ ಮೇನ್ ಬೇರಿಂಗ್ ಸವೆದಿರಬಹುದು, ಇಲ್ಲವೇ ರಿಂಗ್ ದಾಟಿ ಬಂದ ಹೊಗೆ ಸಂಪ್ ಒಳಗೆ ಒತ್ತಡ ಕಟ್ಟಿ ಆಯಿಲನ್ನು ಹೊರಗೆ ತಳ್ಳುತ್ತಿರಬಹುದು. ಆ ಹೊಗೆ ಹೊರಹೋಗುವ ಬ್ರೀದರ್ ಪೈಪು ಕಟ್ಟಿಕೊಂಡಿದೆಯಾ ಅಂತ ಮೊದಲು ನೋಡಿ.

ಸ್ಪೇರ್ ಎಲ್ಲಿ ಸಿಗುತ್ತೆ?

ಬೆಂಗಳೂರಲ್ಲಿ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯದ ಹಳೇ ಅಂಗಡಿಗಳಲ್ಲಿ ವಿಚಾರಿಸಿ. ಕೋಲ್ಕತ್ತಾದ ಮಲ್ಲಿಕ್ ಬಜಾರ್ ಹಳೇ ಗಾಡಿ ಪಾರ್ಟುಗಳಿಗೆ ಹೆಸರಾದದ್ದು. ಬ್ರಿಟನ್ನಿನ ಎಂಜಿ ಸ್ಪೇರ್ ಅಂಗಡಿಗಳಲ್ಲೂ ಬಿ-ಸೀರೀಸ್ ಪಾರ್ಟು ಸಿಗುತ್ತವೆ. ಆದರೆ ಅವರಲ್ಲಿ ಬಹಳಷ್ಟು ಐದು ಬೇರಿಂಗಿನ 1798 ಸಿಸಿ ಎಂಜಿಬಿ ಎಂಜಿನ್ನಿನವು. ಹಳೇ ಪಾರ್ಟು ಪಕ್ಕದಲ್ಲಿಟ್ಟು ಅಳೆದೇ ತೆಗೆದುಕೊಳ್ಳಿ.

ಟ್ಯಾಪೆಟ್ ಅಡ್ಜಸ್ಟ್ ಮಾಡೋಕೆ ಸುಲಭದ ದಾರಿ ಇದೆಯಾ?

ಇದೆ. ಒಂಬತ್ತರ ಲೆಕ್ಕ. ವಾಲ್ವ್‌ಗಳನ್ನು ಮುಂದಿನಿಂದ 1ರಿಂದ 8 ಅಂತ ಎಣಿಸಿ. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಅಡ್ಜಸ್ಟ್ ಮಾಡಿ. ಆರನೆಯದು ತೆರೆದಾಗ ಮೂರನೆಯದು. ಎರಡೂ ಸೇರಿ ಯಾವಾಗಲೂ 9 ಆಗಬೇಕು. ಗ್ಯಾಪ್ 15 ಥೌ, ಎಂಜಿನ್ ಬಿಸಿ ಇರುವಾಗ.

ಕಟ್ಟಿ ಮುಗೀತು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಏನು ನೋಡಬೇಕು?

ಕಟ್ಟುವಾಗಲೇ ಕ್ಯಾಮ್ ಉಬ್ಬಿಗೂ ಟ್ಯಾಪೆಟ್ ತಳಕ್ಕೂ ಅಸೆಂಬ್ಲಿ ಪೇಸ್ಟ್ ಹಚ್ಚಿರಬೇಕು. ಪ್ಲಗ್ ಬಿಚ್ಚಿ ಇಟ್ಟು, ಗೇಜಿನಲ್ಲಿ ಆಯಿಲ್ ಪ್ರೆಶರ್ ಕಾಣುವವರೆಗೂ ಸೆಲ್ಫ್ ತಿರುಗಿಸಿ, ನಡುನಡುವೆ ಮೋಟಾರಿಗೆ ಬಿಡುವು ಕೊಡಿ. ಪ್ರೆಶರ್ ಬಂದ ಮೇಲೆಯೇ ಪ್ಲಗ್ ಹಾಕಿ. ಫೈರಿಂಗ್ ಆರ್ಡರ್ 1-3-4-2.

ಸ್ಟಾರ್ಟ್ ಆದ ತಕ್ಷಣ ಐಡಲ್‌ಗೆ ಬಿಡಬೇಡಿ. ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಇದ್ದರೆ ಸುಮಾರು 2000 ಆರ್‌ಪಿಎಂನಲ್ಲಿ 20 ನಿಮಿಷ ಓಡಲಿ. ಈ ಎಂಜಿನ್‌ನಲ್ಲಿ ಕ್ಯಾಮ್‌ಗೆ ಸಂಪಿನಿಂದ ಎರಚುವ ಆಯಿಲ್ಲೇ ಗತಿ, ಐಡಲ್‌ನಲ್ಲಿ ಅದು ಸಾಲದು. ಆಯಿಲ್ 20ಡಬ್ಲ್ಯು-50 ಮಿನರಲ್, ಜಿಂಕ್ ಅಂಶ ಚೆನ್ನಾಗಿರುವುದು. 500 ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಿಸಿ, ಹೆಡ್ ನಟ್ ಮತ್ತೆ ಟಾರ್ಕ್ ಮಾಡಿ, ಟ್ಯಾಪೆಟ್ ಇನ್ನೊಮ್ಮೆ ನೋಡಿ.

## ಚುರುಕು ಮಾಡುವುದು

ಈಗಿನ ಪೆಟ್ರೋಲ್ ಹಳೇ ಎಂಜಿನ್ ಹಾಳು ಮಾಡುತ್ತೆ ಅಂತಾರೆ. ನಿಜಾನಾ?

ಎರಡು ಬೇರೆ ಬೇರೆ ವಿಷಯ ಇವೆ. ಭಾರತದಲ್ಲಿ 2000ನೇ ಇಸವಿಯಿಂದ ಸೀಸದ ಪೆಟ್ರೋಲ್ ನಿಂತಿತು. ಹಳೇ ಹೆಡ್‌ನಲ್ಲಿ ವಾಲ್ವ್ ಕೂರುವ ಜಾಗ ಬರೀ ಬೀಡು ಕಬ್ಬಿಣ, ಅದು ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸ. ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಅದರೊಳಗೆ ಕುಸಿಯುತ್ತಾ ಹೋಗುತ್ತದೆ. ಟ್ಯಾಪೆಟ್ ಗ್ಯಾಪ್ ತಾನಾಗಿ ಕಮ್ಮಿಯಾಗುತ್ತಿದ್ದರೆ ಇದೇ ಕಾರಣ. ಹೆಡ್ ಕೆಲಸ ಮಾಡಿಸುವಾಗಲೇ ನಾಲ್ಕು ಎಕ್ಸಾಸ್ಟ್‌ಗೂ ಗಟ್ಟಿ ಸೀಟ್ ಕೂರಿಸಿಬಿಡಿ.

ಇನ್ನೊಂದು ಇ20, ಅಂದ್ರೆ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಇವನ್ನು ಕೆಡಿಸುತ್ತದೆ. ಎಥನಾಲ್ ತಡೆಯುವ ಪೈಪು ಹಾಕಿ. ಮಿಶ್ರಣವೂ ತೆಳುವಾಗುತ್ತದೆ, ಆದ್ದರಿಂದ ಕಾರ್ಬುರೇಟರ್ ಸ್ವಲ್ಪ ರಿಚ್ ಮಾಡಬೇಕು. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಎಥನಾಲ್ ನೀರು ಎಳೆಯುತ್ತದೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ.

ಎರಡು ಎಸ್‌ಯು ಕಾರ್ಬುರೇಟರ್ ಹಾಕಿದ್ರೆ ಎಂಜಿಎ ಆಗಿಬಿಡುತ್ತಾ?

ಎಂಜಿಎಗೆ ಬರುತ್ತಿದ್ದದ್ದು ಎಸ್‌ಯು ಅನ್ನೋ ಬ್ರಿಟಿಷ್ ಕಂಪನಿಯ ಎರಡು ಕಾರ್ಬುರೇಟರ್. ಆದರೆ ಅದೊಂದರಿಂದಲೇ ಆಗೋದಿಲ್ಲ. ಹೆಡ್ ಮತ್ತು ಎಕ್ಸಾಸ್ಟ್ ಹಾಗೇ ಇದ್ದರೆ ಎರಡನೇ ಕಾರ್ಬುರೇಟರ್‌ನಿಂದ ಸಿಗೋದು ತುಂಬಾ ಕಮ್ಮಿ. ಮೊದಲು ಹೆಡ್, ಆಮೇಲೆ ಎಕ್ಸಾಸ್ಟ್, ಕೊನೆಗೆ ಕಾರ್ಬುರೇಟರ್. ಎರಡು ಹಾಕಿದಾಗ ಎರಡೂ ಸಮನಾಗಿ ಗಾಳಿ ಎಳೆಯಬೇಕು. ಒಂದು ರಬ್ಬರ್ ನಳಿಕೆಯ ತುದಿ ಕಿವಿಗೆ ಇಟ್ಟು, ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೆ ಹಿಡಿದು ಕೇಳಿ. ಎರಡರಲ್ಲೂ ಸುಯ್ ಸದ್ದು ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಿ.

ಹೆಡ್‌ನಲ್ಲಿ ಏನು ಮಾಡಿಸಬೇಕು? ಎಷ್ಟು ಉಜ್ಜಿಸಬೇಕು?

ದುಡ್ಡು ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಈ ಎಂಜಿನ್‌ನಲ್ಲಿ ಇಲ್ಲ. ಬ್ರಿಟಿಷ್ ಎಂಜಿನಿಯರ್ ಹ್ಯಾರಿ ವೆಸ್ಲೇಕ್ ವಿನ್ಯಾಸ ಮಾಡಿದ ಹೆಡ್ ಇದು. ಒಳಗಿನ ಕೋಣೆ ಹೃದಯದ ಆಕಾರದಲ್ಲಿದೆ. ಎರಡು ವಾಲ್ವ್‌ಗಳ ನಡುವೆ ಚಾಚಿರುವ ಮೂತಿಯನ್ನು ಪೂರ್ತಿ ಕೊರೆಯಬಾರದು, ಅಂಚು ಮಾತ್ರ ದುಂಡು ಮಾಡಬೇಕು. ನಾಲ್ಕು ಸಿಲಿಂಡರ್‌ಗೆ ಒಳಬರುವ ದಾರಿ ಎರಡೇ, ಹೊರಹೋಗುವುದು ಮೂರು. ಪೋರ್ಟನ್ನು ದೊಡ್ಡದು ಮಾಡುವುದಕ್ಕಿಂತ ಸೀಟ್ ಕೆಳಗಿನ ಏಣು, ಮ್ಯಾನಿಫೋಲ್ಡ್ ಮತ್ತು ಪ್ಯಾಕಿಂಗ್ ಕೂಡುವಲ್ಲಿನ ಮೆಟ್ಟಿಲು ತೆಗೆಸಿ.

ಈಗ ಕಂಪ್ರೆಷನ್ ಲೆಕ್ಕ. ಒಂದು ಸಿಲಿಂಡರ್ ಸುಮಾರು 372 ಸಿಸಿ. ಕಂಪ್ರೆಷನ್ 7.2 ಇದ್ದರೆ ಪಿಸ್ಟನ್ ಮೇಲಿರುವ ಒಟ್ಟು ಜಾಗ 60 ಸಿಸಿ. ಎಂಜಿಎಯ 8.3 ಬೇಕಾದರೆ ಅದು 51ಕ್ಕೆ ಇಳಿಯಬೇಕು. ಪ್ಯಾಕಿಂಗ್ ದಪ್ಪ, ಪಿಸ್ಟನ್ ತಲೆಯ ಗುಳಿ ಎಲ್ಲ ಸೇರಿಸಿ ಈ ಲೆಕ್ಕ. ಕೋಣೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಗ್ರೀಸ್‌ನಿಂದ ಅಂಟಿಸಿ, ಸಣ್ಣ ತೂತಿನಿಂದ ಬ್ಯುರೆಟ್‌ನಲ್ಲಿ (ಲ್ಯಾಬಿನ ಅಳತೆ ಗೆರೆಗಳ ಗಾಜಿನ ಕೊಳವೆ) ಸೀಮೆಎಣ್ಣೆ ಬಿಟ್ಟು ಅಳೆಯಿರಿ. ನಾಲ್ಕೂ ಕೋಣೆ ಸಮ ಬಂದ ಮೇಲೆ ಎಷ್ಟು ಉಜ್ಜಬೇಕು ಅಂತ ನಿರ್ಧರಿಸಿ. ಬೀದಿಯಲ್ಲಿ ಓಡಿಸುವ ಎಂಜಿನ್‌ಗೆ ನಾನು 8.5 ದಾಟೋದಿಲ್ಲ.

ಇದೆಲ್ಲ ಮಾಡಿದ್ರೆ ಆರ್‌ಟಿಒ ಹಿಡೀತಾರಾ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. 182ಎ ಕಲಂ ಅಡಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಆಗಬಹುದು. ಮಡ್‌ಗಾರ್ಡು ಕಿತ್ತ, ಮೇಲ್ಛಾವಣಿ ತಗ್ಗಿಸಿದ ಅಮೆರಿಕದ ಮಾದರಿಯ ಹಾಟ್ ರಾಡ್ ನಮ್ಮ ರಸ್ತೆಗೆ ಬರುವಂತಿಲ್ಲ. ಬೇರೆ ಎಂಜಿನ್ ಕೂರಿಸುವುದಾದರೆ ಮೊದಲೇ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು.

ಗಾಡಿ 50 ವರ್ಷ ದಾಟಿದ್ದರೆ ಇನ್ನೊಂದು ಯೋಚನೆ ಮಾಡಿ. 2021ರ ನಿಯಮದಂತೆ ಅದನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದೊಡ್ಡ ಬದಲಾವಣೆ ಮಾಡಿದ ಗಾಡಿಗೆ ಆ ಅವಕಾಶ ಇಲ್ಲ. ಅಂಥ ಗಾಡಿಯ ಬಾಡಿ ಮುಟ್ಟಬೇಡಿ ಅನ್ನೋದು ನನ್ನ ಬಲವಾದ ಸಲಹೆ. ಬಿಚ್ಚಿದ ಮೂಲ ಪಾರ್ಟುಗಳನ್ನೂ ಎಸೆಯಬೇಡಿ.

ಹಳೇದು ಬಿಟ್ಟು ಐಸುಜು ಎಂಜಿನ್ನೇ ಹಾಕಿಬಿಡಲಾ?

ದಿನಾ ಓಡಿಸೋಕೆ ಒಳ್ಳೆಯ ಎಂಜಿನ್, ಸುಮಾರು 75 ಹಾರ್ಸ್‌ಪವರ್ ಸಿಗುತ್ತದೆ. ಆದರೆ ಗೇರ್‌ಬಾಕ್ಸು, ಮೌಂಟಿಂಗು, ಆರ್‌ಸಿ ಎಲ್ಲ ಬದಲಾಗಬೇಕು. ಮನೆಯವರ ಕೈಯಲ್ಲಿ ಓಡಿದ ಎಂಜಿನ್ ಉಳಿಸಿಕೊಳ್ಳೋದು ನಿಮ್ಮ ಆಸೆಯಾದರೆ ಈ ದಾರಿ ಬೇಡ.

ಕಟ್ಟಿದ ಎಂಜಿನ್ನನ್ನು ಎಷ್ಟು ಆರ್‌ಪಿಎಂವರೆಗೆ ಏರಿಸಬಹುದು?

ಎಂಜಿಎ ತನ್ನ 72 ಹಾರ್ಸ್‌ಪವರ್ ಕೊಡುತ್ತಿದ್ದದ್ದು 5500ರಲ್ಲಿ. ಮೂರು ಬೇರಿಂಗಿನ ಕ್ರ್ಯಾಂಕ್ ವೇಗ ಏರಿದಂತೆ ನಡುವೆ ಬಾಗಲು ನೋಡುತ್ತದೆ. ದಶಕಗಟ್ಟಲೆ ದುಡಿದ ಕ್ರ್ಯಾಂಕ್ ಆದರೆ ನಾನು 5000ಕ್ಕೆ ನಿಲ್ಲಿಸುತ್ತೇನೆ. ಅದಕ್ಕೂ ಮೊದಲು ಪಿಸ್ಟನ್, ರಾಡ್‌ಗಳ ತೂಕ ಸಮ ಮಾಡಿ, ಕ್ರ್ಯಾಂಕ್, ಫ್ಲೈವೀಲ್, ಕ್ಲಚ್ ಪ್ಲೇಟ್ ಒಟ್ಟಿಗೆ ಬ್ಯಾಲೆನ್ಸ್ ಮಾಡಿಸಿರಬೇಕು. ಫ್ಲೈವೀಲ್ ಹಗುರ ಮಾಡಿಸುವುದಾದರೆ ಹೊರ ಅಂಚಿನಿಂದ ಮಾತ್ರ ಲೋಹ ತೆಗೆಸಿ. ನಡುವೆ ತೆಳುವಾದ ಬೀಡಿನ ಚಕ್ರ ಒಡೆದರೆ ಚೂರುಗಳು ನೇರ ಕಾಲಿನ ಕಡೆಗೆ ಬರುತ್ತವೆ.

ಬ್ರೇಕ್ ಮರೆಯಬೇಡಿ. ಹಳೇ ಅಂಬಾಸಿಡರ್‌ಗೆ ನಾಲ್ಕೂ ಕಡೆ ಡ್ರಮ್. ವೀಲ್ ಸಿಲಿಂಡರ್, ಹೋಸ್ ಪೈಪು, ಲೈನಿಂಗ್ ಎಲ್ಲ ಹೊಸದಾಗದೆ 5000 ಆರ್‌ಪಿಎಂ ಮುಟ್ಟಿಸಬೇಡಿ.